ನಕ್ಷೆಯಲ್ಲಿ ಬಣ್ಣ ಇಲ್ಲ ಅಂದ್ರೆ ಹೊಗೆ ಇಲ್ಲ ಅಂತಲ್ಲ

ಬೆಳಗ್ಗೆಯಿಂದ ಮನಸ್ಸಿಗೆ ಸಮಾಧಾನವೇ ಇಲ್ಲ. ಕಾಡ್ಗಿಚ್ಚಿನ ಹೊಗೆ ತೋರಿಸುವ ಉಪಗ್ರಹ ನಕ್ಷೆಯೊಂದನ್ನು ಗೆಳೆಯರೊಬ್ಬರು ಹಂಚಿಕೊಂಡಿದ್ದಾರೆ. ಸುತ್ತಲೂ ಕಡುಗೆಂಪು, ನಡುವೆ ಬಣ್ಣವೇ ಇಲ್ಲದ ಒಂದು ತುಂಡು. "ಇಲ್ಲಿರುವವರು ಬಚಾವ್" ಅಂತ ಬರೆದಿದ್ದಾರೆ. ಎಷ್ಟೋ ಜನ ಅದನ್ನೇ ಮುಂದೆ ಕಳಿಸಿದ್ದಾರೆ.

ಬಚಾವ್ ಅಲ್ಲ ಕಣ್ರೀ. ಹೊಗೆ ಎಲ್ಲಕ್ಕಿಂತ ದಟ್ಟವಾಗಿರುವುದು ಅಲ್ಲೇ ಇರಬಹುದು. ಹೊಗೆ ತೀರಾ ದಪ್ಪವಾದಾಗ ಲೆಕ್ಕ ಹಾಕುವ ಪ್ರೋಗ್ರಾಂ ಎಷ್ಟೋ ಸಲ ಅದನ್ನು ಮೋಡ ಅಂದುಕೊಂಡು ಬಿಟ್ಟುಬಿಡುತ್ತದೆ. ನಿಜವಾದ ಮೋಡ ಅಡ್ಡ ಬಂದರೂ ಅಷ್ಟೇ. ಆ ಜಾಗ ಖಾಲಿ ಉಳಿಯುತ್ತದೆ. ಅಳತೆ ಸಿಗಲಿಲ್ಲ ಅಂತ ಮಾತ್ರ ಅದರ ಅರ್ಥ.

ಇದೇ ಚಿತ್ರಗಳ ಜೊತೆ ನನ್ನ ಕೆಲಸ ಅಂತ ನಿಮಗೆ ಗೊತ್ತೇ ಇದೆ. ಬಣ್ಣ ಇರುವ ಕಡೆಯೂ ಎಚ್ಚರ ಬೇಕು. 1999ರಲ್ಲಿ ಹಾರಿದ ಟೆರಾ, 2002ರ ಆಕ್ವಾ, ನಾಸಾದ ಈ ಎರಡೂ ಉಪಗ್ರಹಗಳಲ್ಲಿ ಮೋಡಿಸ್ ಅನ್ನುವ ಉಪಕರಣ ಇದೆ. ಗಾಳಿಯಲ್ಲಿರುವ ಕಣಗಳು ಬಿಸಿಲನ್ನು ಎಷ್ಟು ತಡೆದವು, ಎಷ್ಟು ಚದುರಿಸಿದವು ಅನ್ನುವ ಅಂದಾಜು ಅದರಿಂದ ಸಿಗುತ್ತದೆ. ನೆಲದಿಂದ ಮೇಲಿನವರೆಗಿನ ಇಡೀ ಗಾಳಿಯ ಕಂಬದ ಲೆಕ್ಕ ಅದು. ನಾವು ಉಸಿರಾಡುವುದು ಆ ಕಂಬದ ಬುಡದಲ್ಲಿ, ಅಲ್ವಾ? ಹೊಗೆ ಮೂರ್ನಾಲ್ಕು ಕಿಲೋಮೀಟರ್ ಮೇಲೆ ತೇಲುತ್ತಿದ್ದರೆ ನಕ್ಷೆ ಕೆಂಪಾಗಿರುತ್ತದೆ, ಕೆಳಗೆ ಗಾಳಿ ಅಷ್ಟೇನೂ ಕೆಟ್ಟಿರುವುದಿಲ್ಲ. ಕಣಿವೆಯಲ್ಲಿ ತೆಳುವಾದ ಪದರ ನೆಲಕ್ಕೆ ಅಂಟಿ ಕೂತರೆ ಬಣ್ಣ ತಿಳಿಯಾಗಿರುತ್ತದೆ, ಗಂಟಲು ಮಾತ್ರ ಉರಿಯುತ್ತದೆ. ಅದಕ್ಕೇ ಪಿಎಂ 2.5, ಅಂದರೆ ಉಸಿರಿನ ಜೊತೆ ಶ್ವಾಸಕೋಶದ ಆಳಕ್ಕಿಳಿಯುವ ಅತಿ ಸಣ್ಣ ಕಣಗಳು, ನಾವು ಉಸಿರಾಡುವ ಗಾಳಿಯಲ್ಲಿ ಎಷ್ಟಿವೆ ಅನ್ನುವ ಅಂದಾಜಿಗೆ ನೆಲದ ಮೇಲಿನ ಮಾಪಕಗಳ ಅಳತೆ, ಗಾಳಿ ಬೀಸುವ ದಿಕ್ಕು, ಹೊಗೆ ಇರುವ ಎತ್ತರ ಎಲ್ಲವನ್ನೂ ಸೇರಿಸಬೇಕಾಗುತ್ತದೆ.

ಇಷ್ಟು ಗೊತ್ತಿದ್ದೂ ನಾನು ಒಮ್ಮೆ ತಪ್ಪಿದ್ದೇನೆ. ನಮ್ಮ ಅಕ್ಕನಿಗೆ ಆಸ್ತಮಾ ಇದೆ. ನಕ್ಷೆ ತಿಳಿಯಾಗಿದೆ ಅಂತ "ವಾಕಿಂಗ್ ಹೋಗಿ ಬಾ, ಏನೂ ಆಗಲ್ಲ" ಅಂದೆ. ಉಪಗ್ರಹ ಹಾದುಹೋಗಿದ್ದು ಮಧ್ಯಾಹ್ನ. ಸಂಜೆ ತಂಪಾಗುತ್ತಿದ್ದಂತೆ ಹೊಗೆ ಕೆಳಗೆ ಕೂತಿತ್ತು. ಆ ರಾತ್ರಿ ಅವಳಿಗೆ ಮಲಗಲು ಆಗಲಿಲ್ಲ. ದಿಂಬಿಗೆ ಒರಗಿ ಕೂತೇ ಬೆಳಗು ಮಾಡಿದಳು. ಆ ಉಬ್ಬಸದ ಸದ್ದು ಇನ್ನೂ ನನ್ನ ಕಿವಿಯಲ್ಲಿದೆ.

"ಮಾಪಕವೇ ಇಲ್ಲದ ಕಡೆ ಇದಾದರೂ ಇದೆಯಲ್ಲ" ಅಂತೀರಿ. ನಿಜ. 2023ರ ಜೂನ್‌ನಲ್ಲಿ ಕೆನಡಾದ ಕಾಡಿನ ಹೊಗೆ ನ್ಯೂಯಾರ್ಕ್‌ವರೆಗೆ ಹೋದ ದಾರಿ ಉಪಗ್ರಹಗಳಲ್ಲಿ ಚೆನ್ನಾಗಿ ಕಾಣಿಸಿತ್ತು. ಆದರೆ ಮಾಪಕ ಇಲ್ಲದವರು ಈ ನಕ್ಷೆಯೊಂದನ್ನೇ ನಂಬಿರುತ್ತಾರೆ. ಅವರಿಗೇ ಖಾಲಿ ಜಾಗವನ್ನು ಶುದ್ಧ ಗಾಳಿ ಅಂತ ಹೇಳುವುದಾ?

ಗೆಳೆಯರೇ, ಆ ಪೋಸ್ಟ್ ಅಳಿಸುವುದು ಬೇಡ. "ಬಚಾವ್" ಅನ್ನುವುದನ್ನು ತೆಗೆದು "ಇಲ್ಲಿ ಅಳತೆ ಸಿಕ್ಕಿಲ್ಲ" ಅಂತ ಬರೆಯಿರಿ. ಮುಂದೆ ಕಳಿಸಿದವರಿಗೂ ತಿಳಿಸಿ. ಸಂಜೆಯೊಳಗೆ ಆದರೆ ಒಳ್ಳೆಯದು.