ಆಲೂಗಡ್ಡೆ ಎಸೆದವನೂ ನಮ್ಮ ಕಾಮಿಡಿ ಶೋಗಳೂ

ನಮ್ಮ ಕನ್ನಡ ಟಿವಿಯ ಕಾಮಿಡಿ ಶೋ ನೋಡುವಾಗ ನನಗೆ ಸಿಟ್ಟು ಬರುವುದು ಜೋಕಿನ ಮೇಲಲ್ಲ, ತೀರ್ಪುಗಾರರ ನಗುವಿನ ಮೇಲೆ. ವೇದಿಕೆಯಲ್ಲಿ ಸ್ಕಿಟ್ ನಡೆಯುತ್ತಿರುತ್ತದೆ, ಮಾತು ಇನ್ನೂ ಅರ್ಧಕ್ಕೆ ಬಂದಿರುವುದಿಲ್ಲ, ಆಗಲೇ ಕ್ಯಾಮೆರಾ ತೀರ್ಪುಗಾರರ ಮುಖಕ್ಕೆ ಹೋಗುತ್ತದೆ, ಅವರು ಕುರ್ಚಿಯಿಂದ ಜಾರಿ ಬೀಳುವ ಹಾಗೆ ನಗುತ್ತಾರೆ, ಹಿಂದಿನಿಂದ ಟುಂಯ್ ಅಂತ ಒಂದು ಸದ್ದು. ಎಲ್ಲಿ ನಗಬೇಕು ಅಂತ ನಮ್ಮೂರು ದಾವಣಗೆರೆ ಜನಕ್ಕೆ ಹೇಳಿಕೊಡಬೇಕಾ?

ನಾನೀಗ ಇರುವುದು ಇಂಗ್ಲೆಂಡಿನಲ್ಲಿ. ಇಲ್ಲಿ ಟಾಸ್ಕ್‌ಮಾಸ್ಟರ್ ಅಂತ ಒಂದು ಶೋ ಇದೆ. 2015ರಲ್ಲಿ ಡೇವ್ ಅನ್ನುವ ಚಾನೆಲ್ಲಿನಲ್ಲಿ ಶುರುವಾಯಿತು, 2020ರಲ್ಲಿ ಚಾನೆಲ್ 4ಕ್ಕೆ ಬಂತು. ಸೀಸನ್ನಿಗೆ ಐದು ಜನ ಕಾಮಿಡಿಯನ್‌ಗಳು. ಕೊನೆಯವರೆಗೂ ಅವರೇ, ಯಾರನ್ನೂ ನಡುವೆ ಮನೆಗೆ ಕಳಿಸುವುದಿಲ್ಲ. ಲಂಡನ್ನಿನ ಒಂದು ಮನೆಗೆ ಹೆಚ್ಚಾಗಿ ಒಬ್ಬೊಬ್ಬರೇ ಬರುತ್ತಾರೆ, ಅರಗಿನ ಮುದ್ರೆ ಹಾಕಿದ ಕಾಗದ ಕೈಗೆ ಸಿಗುತ್ತದೆ, ಒಡೆದು ಓದಿದರೆ ಯಾವುದೋ ತಲೆಹರಟೆ ಕೆಲಸ. ಮೊದಲ ಸಂಚಿಕೆಯಲ್ಲಿ, ಒಂದು ನಿಮಿಷದಲ್ಲಿ ಆದಷ್ಟು ಕಲ್ಲಂಗಡಿ ತಿನ್ನಬೇಕು ಅಂತ ಇತ್ತು. ರೊಮೇಶ್ ರಂಗನಾಥನ್ ಚಾಕು ಗೀಕು ಅಂತ ಹುಡುಕಲು ಹೋಗಲೇ ಇಲ್ಲ. ಹಣ್ಣನ್ನು ನೆಲಕ್ಕೆ ಕುಕ್ಕಿ, ಬಾಚಿ ಬಾಚಿ ತಿಂದ, ಅಷ್ಟೇ.

ಹೀಗೆ ಬೇರೆ ಬೇರೆಯಾಗಿ ಮಾಡಿದ್ದನ್ನು ಆಮೇಲೆ ಸ್ಟುಡಿಯೋದಲ್ಲಿ ಐದೂ ಜನ ಒಟ್ಟಿಗೆ ಕೂತು ನೋಡುತ್ತಾರೆ. ಮಜಾ ಇರುವುದೇ ಇಲ್ಲಿ. ಒಬ್ಬ ಅರ್ಧ ಗಂಟೆ ಒದ್ದಾಡಿ ಮಾಡಿದ್ದನ್ನು ಇನ್ನೊಬ್ಬಳು ಒಂದೇ ನಿಮಿಷದಲ್ಲಿ ಮುಗಿಸಿರುತ್ತಾಳೆ, ಅದನ್ನು ನೋಡುವಾಗ ಅವನ ಮುಖಕ್ಕೆ ಯಾವ ಟುಂಯ್ ಸದ್ದೂ ಬೇಕಾಗುವುದಿಲ್ಲ. ಗ್ರೆಗ್ ಡೇವಿಸ್ ಅಂತ ಆರೂವರೆ ಅಡಿ ದಾಟಿದ ಮನುಷ್ಯ ದೊಡ್ಡ ಕುರ್ಚಿಯಲ್ಲಿ ಕೂತು ಒಂದರಿಂದ ಐದರವರೆಗೆ ಅಂಕ ಕೊಡುತ್ತಾನೆ. ಪಕ್ಕದ ಚಿಕ್ಕ ಕುರ್ಚಿಯಲ್ಲಿ ಅಲೆಕ್ಸ್ ಹಾರ್ನ್, ಗುಮಾಸ್ತನ ಹಾಗೆ ಲೆಕ್ಕ ಬರೆದುಕೊಂಡು, ಬೈಸಿಕೊಂಡು ಇರುತ್ತಾನೆ. ತಮಾಷೆ ಏನೆಂದರೆ ಇಡೀ ಶೋ ಹುಟ್ಟಿಸಿದವನು ಅವನೇ, 2010ರಲ್ಲಿ ಎಡಿನ್‌ಬರೋ ಉತ್ಸವದಲ್ಲಿ ಮೊದಲು ಮಾಡಿದ್ದು. ನಮ್ಮಲ್ಲಾದರೆ ಅಂಥವರಿಗೆ ಸಿಂಹಾಸನ, ಮೇಲಿಂದ ಹೂವು.

ನನಗೆ ತುಂಬಾ ಇಷ್ಟದ್ದು 2016ರ ಒಂದು ಸಂಚಿಕೆ. ಆಲೂಗಡ್ಡೆಯನ್ನು ಗಾಲ್ಫ್ ಕುಳಿಗೆ ಹಾಕಬೇಕು, ಸುತ್ತಲಿನ ಕೆಂಪು ಹಾಸನ್ನು ಮುಟ್ಟುವ ಹಾಗಿಲ್ಲ. ಜೋ ವಿಲ್ಕಿನ್ಸನ್ ದೂರದಿಂದ ಸುಮ್ನೆ ಎಸೆದ, ಅದು ಸೀದಾ ಕುಳಿಗೇ ಬಿತ್ತು. ಅವನಿಗೇ ನಂಬಿಕೆ ಬರಲಿಲ್ಲ, ಹುಚ್ಚನ ಹಾಗೆ ಕುಣಿದ. ಆಮೇಲೆ ಸ್ಟುಡಿಯೋದಲ್ಲಿ ನಿಧಾನಗತಿಯಲ್ಲಿ ತೋರಿಸಿದರು. ಎಸೆಯುವಾಗ ಕಾಲ ತುದಿ ಕೆಂಪು ಹಾಸಿನ ಮೇಲಿತ್ತು. ಹೋಯಿತು. ಅಂಕ ಇಲ್ಲ.

ಕಳೆದ ಸಲ ಊರಿಗೆ ಬಂದಾಗ ಇದನ್ನು ವಿನೋಬನಗರದ ಚಿಕ್ಕಪ್ಪನ ಮನೆಯಲ್ಲಿ ಹಾಕಿ ತೋರಿಸಿದೆ. ಚಿಕ್ಕಪ್ಪನಿಗೆ ಆ ಇಂಗ್ಲಿಷ್ ಕಾಲು ಭಾಗವೂ ಅರ್ಥವಾಗಿರಲಿಕ್ಕಿಲ್ಲ, ಆದರೂ ಕೈಯಲ್ಲಿದ್ದ ಮಿರ್ಚಿ ತಟ್ಟೆಗೆ ಇಟ್ಟು, "ಪಾಪ, ಕೊಡಬೇಕಿತ್ತು ಬಿಡಪ, ಹೆಬ್ಬೆರಳಷ್ಟೇ ತಾಗಿರೋದು" ಅಂದರು. ಚಿಕ್ಕಮ್ಮ ಒಪ್ಪಲಿಲ್ಲ. "ತಾಗಿದ ಮೇಲೆ ತಾಗಿತು, ಹೆಬ್ಬೆರಳೇನು ಹಿಮ್ಮಡಿ ಏನು?" ಇಬ್ಬರೂ ಊಟದವರೆಗೂ ಅದನ್ನೇ ಎಳೆದಾಡಿದರು. ನಮ್ಮ ಚಾನೆಲ್‌ಗಳ ಯಾವ ಸ್ಕಿಟ್ ಬಗ್ಗೆಯೂ ಅವರು ಹೀಗೆ ವಾದ ಮಾಡಿದ್ದು ನಾನು ನೋಡಿಲ್ಲ.

ಇಂಥದ್ದೆಲ್ಲ ನಮಗೆ ಹೊಸದೂ ಅಲ್ಲ, ಅಲ್ವಾ? ಗಣಪತಿ ಕೂರಿಸಿದಾಗ ನಮ್ಮ ಬೀದಿಯಲ್ಲಿ ನಿಧಾನ ಸೈಕಲ್ ಸ್ಪರ್ಧೆ ಇರುತ್ತಿತ್ತು. ಕೊನೆಗೆ ಬಂದವರು ಗೆದ್ದ ಹಾಗೆ, ಕಾಲು ನೆಲಕ್ಕೆ ತಾಗಿದರೆ ಔಟ್. ಒಂದು ಸಲ ಬ್ಯಾಂಕಿನಲ್ಲಿ ಕೆಲಸದಲ್ಲಿದ್ದ ಒಬ್ಬರು, ಹೊಟ್ಟೆ ಬಂದ ದೊಡ್ಡ ಮನುಷ್ಯರು, ಗೆರೆಗೆ ಒಂದು ಮಾರು ಇರುವಾಗ ವಾಲಿದರು. ಪಿ.ಟಿ. ಮೇಷ್ಟ್ರು ಸೀಟಿ ಊದಿದರು. ಇವರು ಇಳಿಯಲೇ ಇಲ್ಲ. "ನೆಲಕ್ಕೆ ತಾಗಿದ್ದು ಕಾಲಲ್ಲ ಮೇಷ್ಟ್ರೇ, ಚಪ್ಪಲಿ!" ಅಂತ ವಾದ. ಮೇಷ್ಟ್ರು ನಗಲಿಲ್ಲ, ಗಂಭೀರವಾಗಿ ಚಪ್ಪಲಿ ಬಿಚ್ಚಿಸಿ ನೋಡಿ, ಔಟ್ ಅಂತಲೇ ಹೇಳಿದರು. ಬಹುಮಾನ ಒಂದು ಸ್ಟೀಲ್ ಡಬ್ಬಿ.

ಹೇಳಬೇಕು ಅಂತಿದ್ದದ್ದು ಇದನ್ನೇ. ಆಟ ಹುಚ್ಚುಚ್ಚಾಗಿರಬೇಕು, ನಿಯಮ ಮಾತ್ರ ಕಟ್ಟುನಿಟ್ಟಾಗಿರಬೇಕು, ಬಹುಮಾನ ಏನೂ ಅಲ್ಲದ್ದಾಗಿರಬೇಕು. ಟಾಸ್ಕ್‌ಮಾಸ್ಟರ್‌ನಲ್ಲಿ ಸ್ಪರ್ಧಿಗಳು ತಮ್ಮ ಮನೆಯಿಂದ ತಂದ ಸಾಮಾನೇ ಆವತ್ತಿನ ಬಹುಮಾನ, ಸೀಸನ್ ಗೆದ್ದರೆ ಗ್ರೆಗ್‌ನ ತಲೆಯ ಚಿನ್ನದ ಬಣ್ಣದ ಬೊಂಬೆ. ನಮ್ಮಲ್ಲಿ ಟಾಸ್ಕ್ ಅಂದ ಕೂಡಲೇ ಬಿಗ್ ಬಾಸ್ ನೆನಪಾಗುತ್ತದೆ, ಅಲ್ಲಿ ಬಲೂನ್ ಒಡೆಯುವ ಆಟ ಕೊಟ್ಟರೂ ಜಗಳ ಆಗಿ ರಾತ್ರಿ ಅಳು. ಕಾಮಿಡಿ ಶೋಗಳಿಗೂ ಅಳುವಿನ ಚಟ ಹತ್ತಿದೆ. ಚೆನ್ನಾಗಿ ನಗಿಸಿದ ಹುಡುಗನನ್ನು ನಿಲ್ಲಿಸಿ, ಅವನ ಕಷ್ಟ ಕೇಳಿ, ಪಿಟೀಲು ಹಾಕಿ, ಊರಿಂದ ಅವರಮ್ಮನನ್ನು ಕರೆಸುತ್ತಾರೆ.

ಹಾಗಂತ ಇಂಗ್ಲೆಂಡಿನವರದ್ದೇ ಸರಿ ಅಂತಲ್ಲ. ಅಲ್ಲಿ ಬರುವವರು ಹೆಚ್ಚಾಗಿ ಆಗಲೇ ಹೆಸರು ಮಾಡಿದವರು. 2016ರಲ್ಲಿ ಕಾಮಿಡಿ ಕಿಲಾಡಿಗಳು ಶುರುವಾದಾಗ ಹಳ್ಳಿಗಳಿಂದ, ಸಣ್ಣ ನಾಟಕ ತಂಡಗಳಿಂದ ಬಂದ ಹುಡುಗ ಹುಡುಗಿಯರು ತಮ್ಮ ಊರಿನ ಮಾತಿನಲ್ಲೇ ನಗಿಸಿ ನಾಲ್ಕು ಜನಕ್ಕೆ ಗೊತ್ತಾದರು. ಅದು ದೊಡ್ಡ ಕೆಲಸ. ಕಷ್ಟ ಏನೆಂದರೆ ಅವರ ಕೈಗೆ ಬರೆದ ಸ್ಕಿಟ್ಟನ್ನೇ ಮತ್ತೆ ಮತ್ತೆ ಕೊಡುತ್ತಾರೆ, ಗಂಡಸಿಗೆ ಸೀರೆ ಉಡಿಸುತ್ತಾರೆ. ಚಿಂದೋಡಿ ಲೀಲಾ ಅವರ ನಾಟಕ ಕಂಪನಿ ಇದ್ದ ಊರು ನಮ್ಮದು. ಕಂಪನಿ ನಾಟಕದ ಹಾಸ್ಯ ನಟರು ಮುಂದಿನ ಸಾಲಿನಲ್ಲಿ ಯಾರೋ ಕೆಮ್ಮಿದರೂ ಅದನ್ನೇ ಹಿಡಿದು ಹತ್ತು ನಿಮಿಷ ಎಳೆಯಬಲ್ಲವರು. ಅಂಥವರ ಕೈಗೆ ಒಂದು ಹುಚ್ಚು ಕೆಲಸ ಕೊಟ್ಟು ಸುಮ್ಮನೆ ಕ್ಯಾಮೆರಾ ಇಟ್ಟರೆ ಸಾಕು.

ಯಾರಾದರೂ ಇದನ್ನು ಕನ್ನಡಕ್ಕೆ ತಂದರೆ ಕೊಂಚ ಹುಷಾರು. ಸ್ವೀಡನ್, ನಾರ್ವೆ, ನ್ಯೂಜಿಲೆಂಡಿನಲ್ಲಿ ಇದು ಚೆನ್ನಾಗಿ ನಡೆದಿದೆ, ಅಮೆರಿಕದಲ್ಲಿ ಮಾತ್ರ 2018ರಲ್ಲಿ ಎಂಟೇ ಸಂಚಿಕೆಗೆ ಮುಗಿಯಿತು. ಅಲ್ಲಿ ಅರ್ಧ ಗಂಟೆಗೆ ಇಳಿಸಿದ್ದರು, ಹಾಗಾಗಿ ಕೂತು ಜಗಳ ಆಡುವುದಕ್ಕೇ ಜಾಗ ಉಳಿಯಲಿಲ್ಲ ಅಂತ ನನ್ನ ಲೆಕ್ಕ. ನಮ್ಮಲ್ಲಿ ಸಮಯ ಕಮ್ಮಿಯಾಗುವ ಭಯ ಇಲ್ಲ, ಒಂದೂವರೆ ಗಂಟೆ ಬೇಕಾದರೂ ಎಳೆಯುತ್ತಾರೆ. ಸಿನಿಮಾ ಪ್ರಚಾರಕ್ಕೆ ಬಂದ ಹೀರೋನ ಡ್ಯಾನ್ಸ್ ನಡುವೆ ತುರುಕದಿದ್ದರೆ ಪುಣ್ಯ. ದೊಡ್ಡ ಕುರ್ಚಿಗೂ ಹೀರೋ ಬೇಡ, ಆ ಪಿ.ಟಿ. ಮೇಷ್ಟ್ರಂಥ, ನಗದೇ ಇರುವ ಒಬ್ಬರು ಸಾಕು.

ಮೊದಲ ಟಾಸ್ಕ್ ದಾವಣಗೆರೆಯಲ್ಲೇ ಆಗಲಿ, ಗಾಜಿನ ಮನೆ ಹತ್ತಿರ, ಚೆನ್ನಾಗಿ ಗಾಳಿ ಬೀಸುವ ಹೊತ್ತಿನಲ್ಲಿ. ಒಂದು ಮೂಟೆ ಮಂಡಕ್ಕಿ ಸುರಿದು, ಬರೀ ಕೈಯಲ್ಲಿ ಮತ್ತೆ ಚೀಲಕ್ಕೆ ತುಂಬಿ ಅಂತ ಹೇಳಬೇಕು. ಪುಡಿಯಾದದ್ದು ಲೆಕ್ಕಕ್ಕಿಲ್ಲ, ತಿಂದದ್ದೂ ಲೆಕ್ಕಕ್ಕಿಲ್ಲ. ಗೆದ್ದವರಿಗೆ ಐದು ಅಂಕ, ಸೋತವರ ಅಮ್ಮನನ್ನು ವೇದಿಕೆಗೆ ಕರೆಸುವ ಹಾಗಿಲ್ಲ.