ಬಾಡಿಗೆ ಕುಪ್ಯ, ಒದ್ದೆ ಪ್ಯಾಂಟು

ಕೊಡಗಿಗೆ ಬರೋ ಟೂರಿಸ್ಟ್‌ಗಳ ಲಿಸ್ಟಲ್ಲಿ ಅಬ್ಬಿ ಫಾಲ್ಸು, ಮಾಂದಲಪಟ್ಟಿ ಜೀಪು, ಪಂದಿಕರಿ ಜೊತೆಗೆ ಈಗ ಇನ್ನೊಂದು ಐಟಂ ಸೇರ್ಕೊಂಡಿದೆ, ಕೊಡವ ಗಂಡಸರ ಉದ್ದ ಕೋಟು ಇದ್ಯಲ್ಲ, ಕುಪ್ಯ, ಅದನ್ನ ಹಾಕ್ಕೊಂಡು ಫೋಟೋ. ಹೋಮ್‌ಸ್ಟೇ ಅಂಗಳದಲ್ಲೋ ರೋಡ್ ಸೈಡಿನ ಸ್ಟಾಲಲ್ಲೋ ಹ್ಯಾಂಗರಿಗೆ ನೇತಾಡ್ತಾ ಇರುತ್ತೆ, ಸೈಜು ಒಂದೇ, ಜಿಮ್ಮಿಗೆ ಹೋಗೋ ಹುಡುಗನಿಗೂ ಅದೇ, ಅವನ ಮಾವನಿಗೂ ಅದೇ. ಟೀಶರ್ಟ್ ಮೇಲೇ ಕುಪ್ಯ ಎಳ್ಕೊಂಡು, ಸೊಂಟಕ್ಕೆ ಚೇಲೆ ಅನ್ನೋ ರೇಷ್ಮೆ ಪಟ್ಟಿ ಸುತ್ತಿಸ್ಕೊಂಡು, ತಲೆಗೆ ಮಂಡೆತುಣಿ ಅನ್ನೋ ಪೇಟ ಇಟ್ಕೊಂಡು, ಕೆಳಗಡೆ ಶಾರ್ಟ್ಸು ಚಪ್ಪಲಿ ಹಾಗೇ. ಪರ್ವಾಗಿಲ್ಲ ಸಾರ್ ಸೊಂಟದಿಂದ ಮೇಲೆ ತೆಗೀತೀನಿ ಅಂತ ಫೋಟೋಗ್ರಾಫರ್ ಧೈರ್ಯ ಕೊಡ್ತಾನೆ. ಮೊಣಕಾಲ ತನಕ ಬರೋ ಕೋಟನ್ನ ಸೊಂಟಕ್ಕೆ ಕಟ್ ಮಾಡಿದ್ಮೇಲೆ ಅದು ಕುಪ್ಯನೋ ಬಾತ್‌ರೋಬೋ ಯಾರಿಗೆ ಗೊತ್ತಾಗ್ಬೇಕು.

ಇದರಲ್ಲಿ ಒಂದು ಜಾತಿ ಇದೆ, ಕಪ್ಪು ಬೇಡ, ಫೋಟೋದಲ್ಲಿ ಎದ್ದು ಕಾಣಲ್ಲ, ಬಿಳಿ ಇಲ್ವಾ ಅಂತ ಕೇಳೋರು. ಇದೆ ಮಾರಾಯ್ರೇ, ಬಿಳಿ ಕುಪ್ಯನೂ ಇದೆ, ಅದನ್ನ ಹಾಕೋದು ಮದುವೆ ಗಂಡಿಗೆ, ಇಲ್ಲಾ ಹೆಣಕ್ಕೆ. ತುಂಬಾ ವಯಸ್ಸಾದ ಹಿರಿಯರೂ ಹಾಕ್ತಾರೆ, ಸತ್ತವರಿಗೆ ಗೌರವ ಕೊಡೋಕೆ ಹಾಕೋದೂ ಉಂಟು. ಹೆಂಡ್ತಿ ಮಕ್ಕಳ ಜೊತೆ ವೀಕೆಂಡಿಗೆ ಬಂದಿರೋ ಮೂವತ್ತೈದರ ಮನುಷ್ಯ ಇದರಲ್ಲಿ ಯಾವ ಕೆಟಗರಿಗೆ ಬರ್ತಾರೆ ಅನ್ನೋದನ್ನ ಅವ್ರೇ ಹೇಳ್ಬೇಕು. ಆಮೇಲೆ ಆ ಕತ್ತಿ ಪೋಸು! ಚೇಲೆಗೆ ಸಿಕ್ಕಿಸಿರೋ ತಗಡಿನ ಪೀಚೆ ಕತ್ತಿಯನ್ನ ಎಳೆದು, ಹಲ್ಲು ಕಚ್ಚಿ, ಕಣ್ಣು ಕೆಂಪು ಮಾಡ್ಕೊಂಡು ಯಾರನ್ನೋ ಕಡಿಯೋಕೆ ಹೊರಟ ಹಾಗೆ. ನಿಜವಾಗ್ಲೂ ಕುಪ್ಯ ಹಾಕೋ ಮದುವೆ ಮನೇಲಿ ಕತ್ತಿಗೆ ಬಲಿಯಾಗೋದು ಶಾಸ್ತ್ರಕ್ಕೆ ಕಡಿಯೋ ಬಾಳೆ ದಿಂಡು ಮಾತ್ರ, ಅದು ಮುಗಿದ್ಮೇಲೆ ಗಂಡಸರೆಲ್ಲ ಟೆನ್ಷನ್ ಮಾಡ್ಕೊಳ್ಳೋದು ಊಟದ ಕ್ಯೂ ಬಗ್ಗೆ.

ಕೊಡವ ಹೆಂಗಸರ ಸೀರೆ ಕಥೆ ಇನ್ನೂ ಚೆನ್ನಾಗಿದೆ. ನೆರಿಗೆ ಹಿಂದಕ್ಕೆ ಬರ್ಬೇಕು, ಸೆರಗನ್ನ ಬಲ ಭುಜಕ್ಕೆ ತಂದು ಪಿನ್ ಮಾಡ್ಬೇಕು. ಯಾಕೆ ಹೀಗೆ ಅಂತ ಕೇಳಿದ್ರೆ ಗೈಡು ಪುರಾಣ ಹೇಳ್ತಾನೆ, ಅಗಸ್ತ್ಯರ ಮೇಲೆ ಮುನಿಸ್ಕೊಂಡು ಕಾವೇರಿ ನದಿಯಾಗಿ ಹರಿದು ಹೋಗುವಾಗ ಬಲಮುರಿ ಹತ್ರ ಜನ ಅಡ್ಡ ನಿಂತ್ರು, ಆ ರಭಸಕ್ಕೆ ಹೆಂಗಸರ ನೆರಿಗೆ ಹಿಂದಕ್ಕೆ ಹೋಯ್ತು ಅಂತ. ವಾವ್ ಅಂತಾರೆ ಎಲ್ರೂ. ಪುರಾಣ ಮುಗಿದ ಮರುಕ್ಷಣವೇ, ಅಣ್ಣಾ ನೆರಿಗೆ ಫೋಟೋದಲ್ಲಿ ಕಾಣ್ತಿಲ್ಲ ಸ್ವಲ್ಪ ಮುಂದಕ್ಕೆ ಮಾಡ್ಕೊಡಿ ಅಂತ ಡಿಮ್ಯಾಂಡು. ಕಾವೇರಮ್ಮ ಅಷ್ಟು ಕಷ್ಟಪಟ್ಟು ಹಿಂದಕ್ಕೆ ತಳ್ಳಿದ್ದನ್ನ ಸೆಲ್ಫಿ ಕ್ಯಾಮೆರಾ ಒಂದೇ ಸೆಕೆಂಡಲ್ಲಿ ಮುಂದಕ್ಕೆ ತಂದುಬಿಡ್ತು.

ಬೇರೆಯವ್ರ ಬಟ್ಟೆ ಹಾಕ್ಬಾರ್ದು ಅಂತ ಅಲ್ಲ ನನ್ನ ತಕರಾರು, ನಾವೂ ಜೀನ್ಸ್ ಹಾಕೋರೇ, ಜೀನ್ಸೇನು ಸೋಮವಾರಪೇಟೆಲಿ ಹುಟ್ಟಿದ್ದಲ್ಲ. ಈ ಜಿಲ್ಲೇಲಿ ಅರೆಭಾಷೆಯವ್ರಿದ್ದಾರೆ, ಯರವರಿದ್ದಾರೆ, ಕುಡಿಯರಿದ್ದಾರೆ, ಮಲಯಾಳಂ ಮಾತಾಡೋರಿದ್ದಾರೆ, ಶನಿವಾರಸಂತೆ ಕಡೆ ನಮ್ಮಂಥ ಕನ್ನಡದವ್ರಿದ್ದೀವಿ, ಬಾಡಿಗೆ ಸ್ಟಾಲಿನ ಲೆಕ್ಕದಲ್ಲಿ ನಾವ್ಯಾರೂ ಬಟ್ಟೇನೇ ಹಾಕಲ್ಲ.

ಟೂರಿಸ್ಟ್‌ಗಳನ್ನಾದ್ರೂ ಬಿಡಬಹುದು, ದುಡ್ಡು ಕೊಟ್ಟು ಹಾಕ್ಕೋತಾರೆ. ನಮ್ಮ ವೇದಿಕೆ ಗಣ್ಯರು ಫ್ರೀಯಾಗಿ ಹಾಕ್ಕೋತಾರೆ. ಯಾರೇ ದೊಡ್ಡವರು ಬರ್ಲಿ, ಸ್ವಾಗತ ಭಾಷಣ ಮುಗಿಯೋದ್ರೊಳಗೆ ತಲೆ ಮೇಲೆ ಮಂಡೆತುಣಿ, ಕೈಗೊಂದು ಕತ್ತಿ ಅಥವಾ ಕೋವಿ. ಕುಪ್ಯಕ್ಕೆ ಬಟನ್ ಇಲ್ಲ, ಚೇಲೆ ಬಿಗಿದ್ರೇನೇ ನಿಲ್ಲೋದು, ಚೇಲೆ ಬಿಗಿಯೋಕೆ ಸೊಂಟ ಅಂತ ಒಂದು ಜಾಗ ಇರ್ಬೇಕು, ಸುಮಾರು ಗಣ್ಯರಿಗೆ ಅದು ಎಲ್ಲಿ ಶುರುವಾಗಿ ಎಲ್ಲಿ ಮುಗಿಯುತ್ತೆ ಅಂತ ಅವರ ಪಿಎಗೂ ಗೊತ್ತಿರಲ್ಲ. ಇಬ್ಬರು ಹಿಂದಿನಿಂದ ಹಿಡ್ಕೊಂಡಿರ್ತಾರೆ, ಮುಂದೆ ಫೋಟೋ. ಮಾರನೇ ದಿನ ಪೇಪರಲ್ಲಿ ಕೊಡಗಿನ ಸಂಸ್ಕೃತಿಗೆ ಮನಸೋತ ಸಾಹೇಬ್ರು. ರಸ್ತೆ ಗುಂಡಿ ಬಗ್ಗೆ ಮನವಿ ಪತ್ರ ತಂದಿದ್ದವ್ರು ಅದನ್ನ ಹಾಗೇ ಜೇಬಲ್ಲಿಟ್ಕೊಂಡು ವಾಪಸ್, ಯಾಕಂದ್ರೆ ಸಾಹೇಬ್ರ ಕೈಯಲ್ಲಿ ಕತ್ತಿ ಇತ್ತಲ್ಲ, ಪತ್ರ ಎಲ್ಲಿ ಹಿಡ್ಕೊಳ್ಳೋದು.

ಇನ್ನು ಇಲ್ಲಿ ನಿಜವಾಗ್ಲೂ ಪ್ರೀತಿ ಇರೋ ಬಟ್ಟೆ ಯಾವುದು ಅಂದ್ರೆ, ಕೊಡವರಿಗೆ ಹಾಕಿ ಜರ್ಸಿ ಅಂತ ನನ್ನ ಅನಿಸಿಕೆ. 1997ರಲ್ಲಿ ಕರಡದಲ್ಲಿ ಪಾಂಡಂಡ ಕುಟ್ಟಪ್ಪನವ್ರು ಕೊಡವ ಕುಟುಂಬಗಳ ಹಾಕಿ ಟೂರ್ನಿ ಶುರು ಮಾಡಿದ್ಮೇಲೆ ಮನೆತನದ ಹೆಸರು ಬೆನ್ನ ಮೇಲೆ ಬಂತು, ಆಡೋರು ಬಿಡಿ, ಗ್ಯಾಲರೀಲಿ ಕೂತಿರೋ ತಾತನೂ ಪಂಚೆ ಮೇಲೆ ಅದನ್ನೇ ಹಾಕ್ಕೊಂಡಿರ್ತಾರೆ, ಮೊದಲ ರೌಂಡಲ್ಲೇ ಟೀಮ್ ಸೋತಿದ್ರೂ ವರ್ಷಪೂರ್ತಿ ಅದನ್ನೇ ಹಾಕ್ಕೊಂಡು ಸಂತೆಗೆ ಬರ್ತಾರೆ. ಅದನ್ನ ಯಾರೂ ಬಾಡಿಗೆಗೆ ಕೇಳಿಲ್ಲ ಇವತ್ತಿನ ತನಕ.

ಆದ್ರೆ ಜೂನ್ ಬಂದ್ಮೇಲೆ ಪ್ರೀತಿ ಗೀತಿ ಎಲ್ಲ ಬಂದ್, ಬಟ್ಟೆ ಜೊತೆ ಬರೀ ಜಗಳ. ಒಗೆಯೋದು ಸಮಸ್ಯೆ ಅಲ್ಲ, ಒಣಗ್ಸೋದು. ಅಂಗಳದ ತಂತಿ ಬರೀ ಕಾಗೆ ಕೂರೋಕೆ, ವರಾಂಡದ ಹಗ್ಗ ಇರೋದು ಬಟ್ಟೆ ಇನ್ನೊಂಚೂರು ಒದ್ದೆ ಆಗೋಕೆ. ಅಲ್ಲಿಂದ ಪ್ರಮೋಷನ್ ಆಗಿ ಒಳಗೆ ಬರುತ್ತೆ, ಬಾಗಿಲ ಮೇಲೆ, ಕುರ್ಚಿ ಬೆನ್ನಿಗೆ, ಫ್ರಿಜ್ಜಿನ ಹಿಂದೆ, ಕೊನೆಗೆ ಬಚ್ಚಲ ಒಲೆ ಮೇಲಿನ ಹಗ್ಗಕ್ಕೆ. ಅಲ್ಲಿ ಒಣಗಿದ ಶರ್ಟ್ ಹಾಕ್ಕೊಂಡು ಆಫೀಸಿಗೆ ಹೋದ್ರೆ ಮೈಯೆಲ್ಲ ಹೊಗೆ ವಾಸನೆ, ಆದ್ರೆ ಎಲ್ರೂ ಅದೇ ವಾಸನೆ ಹೊಡೀತಿರೋದ್ರಿಂದ ಯಾರಿಗೂ ಗೊತ್ತಾಗಲ್ಲ, ಮೈಸೂರಿಂದ ಟ್ರಾನ್ಸ್‌ಫರ್ ಆಗಿ ಬಂದವ್ರು ಮಾತ್ರ ಮೊದಲ ವಾರ ಎಲ್ಲೋ ಬೆಂಕಿ ಬಿದ್ದಿದೆ ಅಂತ ಹುಡುಕ್ತಾರೆ. ಜೀನ್ಸ್ ಪ್ಯಾಂಟನ್ನ ಜುಲೈಲಿ ಒಗೆಯೋದು ಅಂದ್ರೆ ಆಗಸ್ಟಲ್ಲಿ ಹಾಕ್ಕೊಳ್ಳೋಕೆ ಅಂತ ಅರ್ಥ. ಒಳ ಉಡುಪು ಕುಕ್ಕರ್ ಮುಚ್ಚಳದ ಮೇಲೆ ಒಣಗುತ್ತೆ, ಇದನ್ನ ಬರೀಬಾರ್ದಿತ್ತು, ಬರ್ದಾಯ್ತು. ಬೀರು ತೆಗೆದ್ರೆ ಮದುವೆ ಸೀರೆ ಮೇಲೆ ಬೂಷ್ಟು, ಬೆಲ್ಟಿನ ಮೇಲೆ ಹಸಿರು ಬೆಳೆ. ಇಷ್ಟೆಲ್ಲ ಕಾಪಾಡಿ ಒಂದು ಒಳ್ಳೆ ಬಿಳಿ ಅಂಗಿ ಉಳಿಸ್ಕೊಂಡ್ರೆ ಆಟಿ ತಿಂಗಳ ಹದಿನೆಂಟನೇ ದಿನ ಯಾರೋ ಮದ್ದು ಸೊಪ್ಪಿನ ಪಾಯಸ ತಂದು ಬಡಿಸ್ತಾರೆ, ಆ ನೇರಳೆ ಕಲೆ ಹೋಗುತ್ತಾ ಅಂತ ಕೇಳ್ಬೇಡಿ.

ಮಳೆಗಾಲದ ಕೊಡಗಿನ ಸಾಂಪ್ರದಾಯಿಕ ಉಡುಪು ನೋಡ್ಬೇಕು ಅಂದ್ರೆ ಬೆಳಗ್ಗೆ ಎಂಟು ಗಂಟೆಗೆ ತೋಟಕ್ಕೆ ಹೋಗೋ ಪಿಕಪ್ ಹಿಂದೆ ನೋಡಿ. ಸೀರೆ ಅಥವಾ ನೈಟಿ, ಅದರ ಮೇಲೆ ಗಂಡಂದೋ ಮಗಂದೋ ಹಳೇ ಫುಲ್ ಶರ್ಟು, ತಲೆಗೆ ಟವೆಲ್ಲು, ಅದರ ಮೇಲೆ ಪ್ಲಾಸ್ಟಿಕ್ ಕೊಪ್ಪೆ, ಕಾಲಿಗೆ ಗಮ್ ಬೂಟು, ಅದರೊಳಗೂ ಜಿಗಣೆ. ಹೋಮ್‌ಸ್ಟೇಲಿ ಕುಡಿಯೋ ಕಾಫಿ ಹುಟ್ಟೋದು ಈ ಡ್ರೆಸ್ಸಲ್ಲೇ, ಆದ್ರೆ ಹ್ಯಾಂಗರಲ್ಲಿ ಇದಕ್ಕೆ ಜಾಗ ಇಲ್ಲ.

ಪಟ್ಟಣದವ್ರಿಗೆ ನಮ್ಮ ಬಟ್ಟೆ ಮೇಲೆ ಕಾಳಜಿ ಇಲ್ಲ ಅಂತ ಹೇಳಿದ್ರೆ ತಪ್ಪಾಗುತ್ತೆ. 2018ರ ಆಗಸ್ಟಲ್ಲಿ ಜೋಡುಪಾಲ, ಮಕ್ಕಂದೂರು, ಕಾಲೂರು ಕಡೆ ಗುಡ್ಡ ಕುಸಿದು ಜನ ಉಟ್ಟ ಬಟ್ಟೇಲಿ ಓಡಿ ಬಂದಾಗ ಬಟ್ಟೆ ಬಂತಲ್ಲ ಮೂಟೆ ಮೂಟೆ! ಹೊಸ ಕಂಬಳಿ, ಬೆಡ್‌ಶೀಟು ಕಳಿಸಿದ ಪುಣ್ಯಾತ್ಮರು ತುಂಬಾ ಜನ ಇದ್ರು, ಅವ್ರಿಗೆ ಕೈ ಮುಗೀತೀನಿ. ಉಳಿದವ್ರು ಬೀರು ಕ್ಲೀನ್ ಮಾಡಿ ಕಳಿಸಿದ್ದು. ಜಿಪ್ ಹೋದ ಪ್ಯಾಂಟು, ಒಂದೇ ಕಾಲಿನ ಸಾಕ್ಸು, ಕಾಲೇಜ್ ಫೆಸ್ಟ್ ಟೀಶರ್ಟು, ಮಿಣಮಿಣ ಅನ್ನೋ ಪಾರ್ಟಿ ಗೌನು. ನಮ್ಮೂರ ಅಜ್ಜಿ ಒಬ್ಬರಿಗೆ ತೋಳಿಲ್ಲದ್ದು ಒಂದು ಸಿಕ್ಕಿತ್ತು, ತಿರುಗಿಸಿ ಮರುಗಿಸಿ ನೋಡಿ, ಇದರ ಉಳಿದರ್ಧ ನಾಳೆ ಲಾರೀಲಿ ಬರುತ್ತಾ ಮಗಾ ಅಂತ ಕೇಳಿದ್ರು. ಜನಕ್ಕೆ ಬೇಕಾಗಿದ್ದು ಹೊಸ ಒಳ ಉಡುಪು, ಪ್ಯಾಡು, ಟವೆಲ್ಲು, ಮಳೆಗೆ ಒಂದು ಜರ್ಕಿನ್ನು. ಬಂದಿದ್ದನ್ನ ಮಳೇಲಿ ಎಲ್ಲಿಡೋದು ಅಂತಾನೇ ಇನ್ನೊಂದು ಸಂಕಷ್ಟ. ಅಂತೂ ಲೆಕ್ಕ ಸಮ ಆಯ್ತು, ಸಣ್ಣ ಮಳೆ ಬಂದ್ರೆ ಅವ್ರು ಬಂದು ನಮ್ಮ ಬಟ್ಟೆನ ಹತ್ತು ನಿಮಿಷ ಹಾಕ್ಕೋತಾರೆ, ದೊಡ್ಡ ಮಳೆ ಬಂದ್ರೆ ಅವರದ್ದನ್ನ ನಮಗೆ ಪರ್ಮನೆಂಟಾಗಿ ಕಳಿಸ್ತಾರೆ.

ಹಾಗಾಗಿ ಬಾಡಿಗೆ ಸ್ಟಾಲಿನವ್ರಿಗೆ ಒಂದು ಬಿಸಿನೆಸ್ ಐಡಿಯಾ ಫ್ರೀಯಾಗಿ ಕೊಡ್ತಿದ್ದೀನಿ. ಕುಪ್ಯ ಪಕ್ಕದಲ್ಲೇ ಒಂದು ಮಾನ್ಸೂನ್ ಸೆಟ್ ನೇತು ಹಾಕಿ. ಹೊಗೆ ವಾಸನೆಯ ಸ್ವೆಟರ್, ಗಂಡನ ಹಳೇ ಶರ್ಟು, ಕೊಪ್ಪೆ, ಗಮ್ ಬೂಟು, ಜಿಗಣೆ ಕಾಂಪ್ಲಿಮೆಂಟರಿ, ಅದನ್ನ ಬಿಡಿಸೋ ಸುಣ್ಣಕ್ಕೆ ಮಾತ್ರ ಎಕ್ಸ್‌ಟ್ರಾ ಚಾರ್ಜು. ಬಾಡಿಗೆ ಎಷ್ಟಾದ್ರೂ ಇಡಿ, ಡೆಪಾಸಿಟ್ ಮಾತ್ರ ಜಾಸ್ತಿ ಇಡಿ, ಕಂಡೀಷನ್ ಒಂದೇ ಒಂದು ಇರ್ಲಿ, ಜುಲೈ ತಿಂಗಳಲ್ಲಿ ತಗೊಂಡು ಹೋದವ್ರು ಜುಲೈ ತಿಂಗಳಲ್ಲೇ ಒಗೆದು ಒಣಗಿಸಿ ವಾಪಸ್ ಕೊಡ್ಬೇಕು.