ನಡು ಸೀಟಿನ ಗಿರಾಕಿ

ನಮ್ಮ ಕಾರುಗಳ ಆರ್‌ಸಿಯಲ್ಲಿ ಸೀಟು ಐದು ಅಂತ ಇರುತ್ತದೆ. ಅದನ್ನು ಬರೆದ ಪುಣ್ಯಾತ್ಮ ಹಿಂದಿನ ಸೀಟಿನ ನಡುವೆ ಕೂತು ಪಾಂಡವಪುರ ದಾಟಿದವನಲ್ಲ. ನಾನು ಮೊನ್ನೆ ಭಾನುವಾರ ದಾಟಿದೆ. ಮೈಸೂರಿನಿಂದ ಮೇಲುಕೋಟೆ ಅಂದರೆ ಐವತ್ತು ಕಿಲೋಮೀಟರ್ ಆಸುಪಾಸು, ಅಷ್ಟೇ. ಮನೆಗೆ ವಾಪಸ್ ಬಂದಾಯಿತು, ಸೊಂಟ ಮಾತ್ರ ಇನ್ನೂ ಜಕ್ಕನಹಳ್ಳಿಯಲ್ಲೇ ಇದೆ.

ಭಾವ ಹೊಸ ಕಾರು ತಗೊಂಡಿದ್ದಾರೆ. ಭಾವ ಮಂಡ್ಯದವರು, ಮಾತು ಜೋರು, ಕೈ ಉದಾರ. ನನ್ನದು ಎತ್ತರದ ಡಬ್ಬಿ ಕಾರು. ಅವರದು ತಗ್ಗಿನ, ನುಣುಪು ಮೈಯ, ಸ್ಟೈಲಾದ ಕಾರು. ಎರಡೂ ಒಂದೇ ಮನೆ ಮುಂದೆ ನಿಂತರೆ ಹೋಲಿಕೆ ಶುರುವಾಗದೆ ಇರುತ್ತದಾ? ಬೇರೆಯವರಾದರೆ ಮೈಲೇಜು ಎಷ್ಟು ಅಂತ ಕೇಳಿ ಸುಮ್ಮನಾಗುತ್ತಾರೆ. ಭಾವ ಜಾಗ ಅಳೆಯುತ್ತಾರೆ. ಟೇಪು ಗೀಪು ಏನಿಲ್ಲ, ಗೇಣು.

ಕುವೆಂಪುನಗರದ ನಮ್ಮ ರಸ್ತೆಯಲ್ಲಿ ಅವರ ಅಳತೆಗೆ ಸಾಕ್ಷಿಯಾಗದವರು ಯಾರೂ ಉಳಿದಿಲ್ಲ. ಮೊದಲು ತಮ್ಮ ಕಾರಿನ ಹಿಂಬಾಗಿಲು ತೆಗೆಯುತ್ತಾರೆ. ಒಳಗೆ ಕೂತು ಮೊಣಕಾಲಿಗೂ ಮುಂದಿನ ಸೀಟಿಗೂ ನಡುವೆ ಕೈ ಅಗಲಿಸಿ ಇಡುತ್ತಾರೆ. ‘ನೋಡ್ಲಾ, ಒಂದು ಗೇಣು! ಎಂಗದೆ?’ ಆಮೇಲೆ ನನ್ನ ಕಾರಿನ ಸರದಿ. ಅಲ್ಲಿ ನಾಲ್ಕು ಬೆರಳು. ‘ನಿಂದು ನೋಡೋಕೆ ದೊಡ್ಡದು ಕಣ್ಲಾ, ಒಳಗೇನೂ ಇಲ್ಲ.’ ಹಾಲಿನ ಹುಡುಗನನ್ನು ಕೂರಿಸಿ ಅಳೆದರು. ಇಸ್ತ್ರಿಯವನನ್ನು ಅಂಗಡಿಯಿಂದ ಕರೆಸಿ ಅಳೆದರು. ಪಕ್ಕದ ಮನೆಯ ನಿವೃತ್ತ ಮೇಷ್ಟ್ರು ವಾಕಿಂಗ್ ಮುಗಿಸಿ ಬರುತ್ತಿದ್ದರು, ಅವರನ್ನೂ ಬಿಡಲಿಲ್ಲ. ಪಾಪ, ಮೇಷ್ಟ್ರು ಎರಡೂ ಕಾರಲ್ಲಿ ಕೂತೆದ್ದು ‘ಎರಡೂ ಚೆನ್ನಾಗಿವೆ’ ಅಂದರು. ಭಾವನಿಗೆ ಆ ಉತ್ತರ ಸಾಲಲಿಲ್ಲ. ಇನ್ನೊಂದು ಸಲ ಕೂರಿಸಿದರು.

ಒಂದು ಗುಟ್ಟು ಹೇಳುತ್ತೇನೆ. ತಮ್ಮ ಕಾರು ಅಳೆಯುವ ಮೊದಲು ಭಾವ ಮುಂದಿನ ಸೀಟಿನ ಕೆಳಗೆ ಕೈ ಹಾಕಿ, ಸರಳು ಎತ್ತಿ, ಸೀಟನ್ನು ಡ್ಯಾಶ್‌ಬೋರ್ಡಿಗೆ ಮುತ್ತಿಡುವಷ್ಟು ಮುಂದೆ ತಳ್ಳಿರುತ್ತಾರೆ. ನನ್ನ ಕಾರಿನ ಸೀಟನ್ನು ‘ಇರ್ಲಿ, ಡ್ರೈವರ್ ಆರಾಮಾಗಿ ಕೂರಬೇಕಲ್ವಾ’ ಅಂತ ಹಿಂದಕ್ಕೆ ಜರುಗಿಸಿರುತ್ತಾರೆ. ಕಾರುಗಳನ್ನು ಸರಿಯಾಗಿ ಪರೀಕ್ಷೆ ಮಾಡುವವರು ಮುಂದಿನ ಸೀಟು ಪೂರ್ತಿ ಮುಂದಿದ್ದಾಗ ಎಷ್ಟು, ಪೂರ್ತಿ ಹಿಂದಿದ್ದಾಗ ಎಷ್ಟು ಅಂತ ಎರಡೂ ಅಳತೆ ಬರೆಯುತ್ತಾರೆ. ಭಾವನ ಲೆಕ್ಕದಲ್ಲೂ ಎರಡು ಅಳತೆ ಇವೆ, ಒಂದು ಅವರಿಗೆ, ಒಂದು ನನಗೆ.

ರಾತ್ರಿ ಕೂತು ಎರಡೂ ಕಾರಿನ ಬ್ರೋಷರ್ ತೆಗೆದೆ. ಮುಂದಿನ ಚಕ್ರಕ್ಕೂ ಹಿಂದಿನ ಚಕ್ರಕ್ಕೂ ನಡುವಿನ ದೂರ ನನ್ನದರಲ್ಲಿ 2435 ಮಿಲಿಮೀಟರ್, ಅವರದರಲ್ಲಿ 2450. ಇಷ್ಟು ದೊಡ್ಡ ಜಂಬವೆಲ್ಲ ಒಂದೂವರೆ ಸೆಂಟಿಮೀಟರಿನದು! ಎತ್ತರ ನನ್ನದು 1675, ಅವರದು 1530. ಡಿಕ್ಕಿ ನನ್ನದು 341 ಲೀಟರ್, ಅವರದು 268. ಅಗಲದಲ್ಲಿ ಮಾತ್ರ ಭಾವ ಗೆದ್ದರು, 1620ಕ್ಕೆ 1735. ಅದೂ ಹೊರಗಿನ ಅಗಲ, ಬಾಗಿಲುಗಳ ದಪ್ಪವೂ ಅದರಲ್ಲೇ ಸೇರಿದೆ. 2006ರ ಬಜೆಟ್‌ನಲ್ಲಿ ನಾಲ್ಕು ಮೀಟರಿನೊಳಗಿನ ಸಣ್ಣ ಕಾರುಗಳಿಗೆ ತೆರಿಗೆ ಇಳಿಸಿದರು. ಆವತ್ತಿನಿಂದ ಇಂಜಿನ್, ಏಸಿ, ಡಿಕ್ಕಿ, ಸಂಸಾರ ಎಲ್ಲ ಆ ನಾಲ್ಕು ಮೀಟರಿನೊಳಗೇ ಹೊಂದಿಕೊಳ್ಳಬೇಕು. ಇಂಜಿನ್ ಹೊಂದಿಕೊಳ್ಳುವುದಿಲ್ಲ. ಮೊಣಕಾಲು ಹೊಂದಿಕೊಳ್ಳುತ್ತದೆ.

ಸರಿ, ಭಾನುವಾರಕ್ಕೆ ಬರೋಣ. ಮುಂದೆ ಭಾವ ಮತ್ತು ಅವರ ಅಪ್ಪ. ಹಿಂದೆ ಎಡಕ್ಕೆ ಅಮ್ಮ, ಬಲಕ್ಕೆ ಅಕ್ಕ. ‘ನೀನು ಸಣ್ಣಗಿದೀಯ, ಮಧ್ಯೆ ಕೂತ್ಕೋ’ ಅಂದಳು ಅಕ್ಕ. ಚಿಕ್ಕಂದಿನಿಂದ ಇದೇ ಮಾತು. ನನಗೀಗ ಹೊಟ್ಟೆ ಬಂದಿದೆ, ತಲೆಗೂದಲು ಹೋಗಿದೆ, ಆದರೂ ಅಕ್ಕನ ಕಣ್ಣಿಗೆ ನಾನು ಸಣ್ಣಗೇ ಇದ್ದೇನೆ.

ಓಡಿಸಲು ಕೂತ ಕೂಡಲೇ ಭಾವ ಸೀಟನ್ನು ಸರ್ರಂತ ಹಿಂದಕ್ಕೆ ಎಳೆದು ಒರಗಿದರು. ಆ ಗೇಣು ಅಲ್ಲೇ ಮಾಯ. ಜಾಗ ಕಳೆದುಕೊಂಡಿದ್ದು ಅಕ್ಕನ ಮೊಣಕಾಲು. ಅಕ್ಕ ಓರೆಯಾಗಿ ಕೂತಳು. ಓರೆಯಾದ ಅಕ್ಕ ನನ್ನ ಮೇಲೆ ಬಂದಳು.

ನಡು ಸೀಟು ಅಂದರೆ ಸೀಟಲ್ಲ. ಬೆನ್ನಿಗೆ ಒತ್ತುವುದು ಮಡಚಿಟ್ಟ ಆರ್ಮ್‌ರೆಸ್ಟ್. ಇಬ್ಬರೇ ಕೂತಾಗ ಕೈಗೆ ಸುಖ, ಮೂರನೆಯವನು ಕೂತರೆ ಬೆನ್ನಿಗೆ ಶಿಕ್ಷೆ. ಕೆಳಗೆ ಬೆಲ್ಟಿನ ಬಕಲ್. ಕಾಲಿಡೋಣ ಅಂದರೆ ನೆಲದ ಮಧ್ಯೆ ಉಬ್ಬು. ಇಂಥ ಕಾರುಗಳಲ್ಲಿ ಮುಂದಿನ ಚಕ್ರಗಳೇ ಎಳೆಯುವುದು, ಹಿಂದಿನ ಚಕ್ರ ತಿರುಗಿಸುವ ಶಾಫ್ಟು ನೆಲದಡಿ ಹೋಗುವುದೇ ಇಲ್ಲ. ಆದರೂ ಹೊಗೆ ಕೊಳವೆಗೆ, ನೆಲದ ಗಟ್ಟಿತನಕ್ಕೆ ಅಂತ ಉಬ್ಬು ಬಿಟ್ಟಿರುತ್ತಾರೆ. ಹಾಗಾಗಿ ನನ್ನ ಒಂದು ಕಾಲು ಅಮ್ಮನ ಜಾಗದಲ್ಲಿ, ಇನ್ನೊಂದು ಅಕ್ಕನ ಜಾಗದಲ್ಲಿ. ಇಬ್ಬರೂ ಬಾಡಿಗೆ ಕೇಳಿದರು. ಹುಳಿಯನ್ನದ ಡಬ್ಬಿ ತೊಡೆ ಮೇಲೆ, ಅದು ಬೇರೆ ಬಿಸಿ. ಮೇಲುಕೋಟೆಗೆ ಹುಳಿಯನ್ನ ಕಟ್ಟಿಕೊಂಡು ಹೋಗುವ ಕುಟುಂಬ ನಮ್ಮದೊಂದೇ ಇರಬೇಕು.

ಪ್ರತಿ ರೋಡ್ ಹಂಪ್‌ಗೂ ಭಾವ ಕನ್ನಡಿಯಲ್ಲಿ ನೋಡಿ ಕೇಳುತ್ತಿದ್ದರು, ‘ಎಂಗದ್ಲಾ? ಆರಾಮ್ ತಾನೆ?’ ಶ್ರೀರಂಗಪಟ್ಟಣದವರೆಗೆ ‘ಹೂಂ ಭಾವ’ ಅಂದೆ. ಆಮೇಲೆ ಬರೀ ‘ಹೂಂ’. ಬೆಟ್ಟದ ತಿರುವುಗಳಲ್ಲಿ ಯಾವ ಅಕ್ಷರವೂ ಬರಲಿಲ್ಲ.

ಇಳಿಯುವಾಗ ಅಮ್ಮನನ್ನು ಇಬ್ಬರು ಹಿಡಿದೆತ್ತಬೇಕಾಯಿತು. ಮುಡಿದಿದ್ದ ಮಲ್ಲಿಗೆಯಲ್ಲಿ ಅರ್ಧ ಹಿಂದಕ್ಕೆ ಇಳಿಜಾರಾದ ಚಾವಣಿಗೆ ಉಜ್ಜಿ ಹೋಗಿತ್ತು. ‘ತುಂಬಾ ಚೆನ್ನಾಗಿದೆ ಅಳಿಯಂದಿರೇ’ ಅಂದಳು. ನನ್ನ ಕಿವಿಯಲ್ಲಿ, ‘ಬಾವಿಯಿಂದ ಎದ್ದು ಬಂದಂಗಾಯ್ತು ಕಣೋ.’

ನ್ಯಾಯವಾಗಿ ಹೇಳಬೇಕೆಂದರೆ ಭಾವನ ಕಾರಿನ ಮುಂದಿನ ಸೀಟು ಸೊಗಸಾಗಿದೆ, ತಿರುವಿನಲ್ಲಿ ಪಕ್ಕೆ ಹಿಡಿದು ಕೂರಿಸುತ್ತದೆ. ನನ್ನ ಕಾರಿನ ಸೀಟು ತೆಳ್ಳಗೆ, ತೊಡೆಗೆ ಆಸರೆ ಕಮ್ಮಿ, ಮೂವರು ಕೂತರೆ ಭುಜಕ್ಕೆ ಭುಜ ತಾಗುತ್ತದೆ. ಆದರೆ ಅಮ್ಮ ಅದರೊಳಗೆ ತಾನೇ ಹತ್ತಿ ಕೂರುತ್ತಾಳೆ, ಯಾರ ಕೈಯೂ ಬೇಡ. ಕಾರನ್ನು ಹೊಗಳುವವರೆಲ್ಲ ಓಡಿಸುವವರು. ಹಿಂದೆ ಕೂತವರನ್ನು ಕೇಳಿದವರುಂಟಾ?

ದೊಡ್ಡಪ್ಪನ ಹತ್ತಿರ ಅಂಬಾಸಿಡರ್ ಇತ್ತು. ಗೇರು ಸ್ಟೀರಿಂಗ್ ಪಕ್ಕದಲ್ಲೇ, ಮುಂದಿನ ಸೀಟು ಆ ಕಡೆಯಿಂದ ಈ ಕಡೆಗೆ ಒಂದೇ ಬೆಂಚು. ನಂಜನಗೂಡಿಗೆ ಹೊರಟರೆ ಎಷ್ಟು ಜನ ಹತ್ತಿದರು ಅಂತ ಎಣಿಸುತ್ತಿರಲಿಲ್ಲ. ಸೆಕೆ ಕುದಿಯುತ್ತಿತ್ತು, ಸೀಟಿನ ಸ್ಪ್ರಿಂಗ್ ಚುಚ್ಚುತ್ತಿತ್ತು. ನನಗೆ ಅಪ್ಪನ ತೊಡೆಯೇ ಸೀಟು. 2014ರಲ್ಲಿ ಪಶ್ಚಿಮ ಬಂಗಾಳದ ಉತ್ತರಪಾರಾದ ಕಾರ್ಖಾನೆ ಆ ಕಾರು ಮಾಡುವುದನ್ನು ನಿಲ್ಲಿಸಿತು. ಅಪ್ಪ ಅಷ್ಟು ಹೊತ್ತಿಗಾಗಲೇ ಹೋಗಿದ್ದರು.

ಬರುವ ತಿಂಗಳು ನಾಗಮಂಗಲದಲ್ಲಿ ಮದುವೆ ಇದೆ. ಭಾವನ ಕಾರೇ ಅಂತೆ, ನನ್ನ ಜಾಗವೂ ಗೊತ್ತಾಗಿದೆಯಂತೆ. ಸರ್ಕಾರಿ ಬಸ್ಸಲ್ಲಿ ಬರ್ತೀನಿ ಭಾವ, ಕಿಟಕಿ ಪಕ್ಕ ಸಿಗುತ್ತೆ ಅಂದೆ. ಬೇಜಾರು ಮಾಡಿಕೊಳ್ಳಲೇ ಇಲ್ಲ.

‘ಆಗ್ಲಿ ಬುಡ್ಲಾ. ಬಸ್ಸಲ್ಲಿ ಮೊಣಕಾಲಿಗೆ ಎಷ್ಟು ಗೇಣು ಅಂತ ಅಳ್ಕೊಂಡು ಬಾ.’